ಭಾವನ ದನಿಗೆ ಹಾಕಿದ್ದೇನು?

ಹೆಂಡತಿಯ ಅಣ್ಣನ ಕಂಠದ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತುವುದು ಮರ್ಯಾದಸ್ಥರ ಲಕ್ಷಣವಲ್ಲ. ಅದು ಬೇರೆಯವರ ಹೆಂಡತಿಯ ಅಣ್ಣನಾದರಂತೂ ಖಂಡಿತ ಅಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಸಂಗೀತ ಬಲ್ಲವರು ಇದರಲ್ಲಿ ತಪ್ಪು ಕಂಡರೆ ಮನ್ನಿಸಬೇಕು, ಯಂತ್ರ ಬಲ್ಲವರು ಕಂಡರೆ ಅವರೂ ಮನ್ನಿಸಬೇಕು, ಎರಡನ್ನೂ ಬಲ್ಲವರು ಯಾರಾದರೂ ಇದ್ದರೆ ಓದದೆ ಪುಟ ತಿರುಗಿಸಿಬಿಡಬೇಕು. ಆದರೂ ಹೇಳದೆ ವಿಧಿಯಿಲ್ಲ. ವೈರಣ್ಣನಿಗೆ ಆದ ಅನ್ಯಾಯ ಸಣ್ಣದಲ್ಲ, ಅದನ್ನು ಅವನು ತಾನಾಗಿ ಎಲ್ಲೂ ಬಾಯಿಬಿಡುವಂತೆಯೂ ಇಲ್ಲ.

ವೈರಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಅವನು ಗುಮಾಸ್ತ. ಸಂಜೆಯಾದರೆ ಹೆಗಲಿಗೆ ಒಂದು ಸುತ್ತು ವೈರು ನೇತುಹಾಕಿಕೊಂಡು ಸಭಾಂಗಣದ ಕಡೆ ಓಡುತ್ತಿದ್ದದ್ದರಿಂದ ಜೊತೆಯವರು ಹಾಗೆ ಕರೆದರು. ನೌಕರರ ಕಲಾ ಸಂಘಕ್ಕೊಂದು ವಾದ್ಯವೃಂದವಿತ್ತು. ಅದರ ಸೌಂಡ್ ಪೂರ್ತಿ ಇವನ ಕೈಯಲ್ಲಿ. ಸಂಜೆ ತರಗತಿಗೆ ಹೋಗಿ ಡಿಜಿಟಲ್ ಮಿಕ್ಸರ್ ನಡೆಸುವುದನ್ನು ಕಲಿತು ಪಾಸಾಗಿದ್ದ. ಪಾಸಾದದ್ದು ತಾನೇ ಹೌದೋ ಅಲ್ಲವೋ ಎಂದು ಆಗಾಗ ಸರ್ಟಿಫಿಕೇಟು ತೆಗೆದು ಹೆಸರು ನೋಡಿಕೊಳ್ಳುತ್ತಿದ್ದ. ಮೀಟರ್ ವಿಭಾಗದಲ್ಲಿ ಅವನ ಕುರ್ಚಿಯನ್ನು ಯಾರು ಬೇಕಾದರೂ ಎಳೆದುಕೊಂಡು ಹೋಗಬಹುದಿತ್ತು, ಹೋಗುತ್ತಲೂ ಇದ್ದರು. ಸಭಾಂಗಣದ ಹಿಂತುದಿಯಲ್ಲಿ, ಮಿಕ್ಸರಿನೆದುರು, ಕತ್ತು ಬಗ್ಗಿಸಿ ನಿಂತ ಪುಟ್ಟ ದೀಪದ ಕೆಳಗಿನ ಕುರ್ಚಿ ಮಾತ್ರ ಅವನದು. ಅಲ್ಲಿ ಕೂತಾಗ ದೊಡ್ಡ ಸಾಹೇಬರ ದನಿಯನ್ನೂ ಒಂದು ಬೆರಳಿನಿಂದ ತಗ್ಗಿಸಬಲ್ಲ ಏಕಮಾತ್ರ ಗುಮಾಸ್ತ ಅವನು. ಎಂದೂ ತಗ್ಗಿಸಿರಲಿಲ್ಲ. ಆದರೆ ತಗ್ಗಿಸಬಲ್ಲವನಾಗಿದ್ದ.

ವೃಂದದ ಮುಖ್ಯ ಗಾಯಕ ಭಾವ, ಅಂದರೆ ಹೆಂಡತಿಯ ಒಡಹುಟ್ಟಿದ ಅಣ್ಣ. ಅದೇ ಕಚೇರಿಯ ದೂರು ವಿಭಾಗದ ಮೇಲ್ವಿಚಾರಕ. ದಿನವಿಡೀ ಊರಿನವರ ದೂರು ಕೇಳಿ ದಣಿದ ಕಿವಿಗೆ ತನ್ನ ಗಾಯನವೊಂದೇ ಔಷಧ ಎಂದು ನಂಬಿದವನು. ಅವನ ಅಭ್ಯಾಸವೆಲ್ಲ ನಡೆದದ್ದು ಬಚ್ಚಲುಮನೆಯಲ್ಲಿ. ನಾಲ್ಕೂ ಗೋಡೆಗೆ ಟೈಲ್ಸ್ ಹಾಕಿಸಿದ ಬಚ್ಚಲು ಎಂಥವರ ದನಿಯನ್ನೂ ಎತ್ತಿ ಮುದ್ದಾಡಿ ಕಳಿಸುತ್ತದೆ. ಆ ಮುದ್ದನ್ನೇ ಭಾವ ತನ್ನ ಕಂಠ ಎಂದು ತಿಳಿದಿದ್ದ. ಟೈಲ್ಸ್ ಇಲ್ಲದ ಕಡೆ ಆ ದನಿ ಹೇಗಿರುತ್ತದೆ ಎಂಬುದು ಜಗತ್ತಿನಲ್ಲಿ ವೈರಣ್ಣನೊಬ್ಬನಿಗೇ ಗೊತ್ತಿತ್ತು, ಹೆಡ್‌ಫೋನಿನ ಮೂಲಕ.

ಮೊದಲ ಸಲ ಕೇಳಿದಾಗ ಅವನು ಹೆಡ್‌ಫೋನು ಕೆಟ್ಟಿದೆ ಎಂದುಕೊಂಡು ಬೇರೆಯದು ಹಾಕಿಕೊಂಡ. ಅದೂ ಕೆಟ್ಟಿತ್ತು. ಆಮೇಲೆ ನಿಜಸ್ಥಿತಿ ಅರ್ಥವಾಗಿ ಮಿಕ್ಸರಿನೊಳಗಿದ್ದ ಎಫೆಕ್ಟುಗಳ ಮೊರೆಹೊಕ್ಕ. ಮೊದಲು ಸ್ವರ ತಿದ್ದುವ ಎಫೆಕ್ಟು: ಭಾವನ ಸ್ವರ ಎಲ್ಲೇ ಜಾರಿ ಬಿದ್ದಿರಲಿ, ಕಿವಿ ಹಿಡಿದು ಎಬ್ಬಿಸಿ ಸರಿಯಾದ ಜಾಗದಲ್ಲಿ ಕೂರಿಸುವಂಥದ್ದು. ಅದರ ಮೇಲೆ ಒಂದು ದನಿಯನ್ನು ಎರಡು ಮಾಡುವ ಎಫೆಕ್ಟು, ಒಂದು ಎಡವಿದರೆ ಇನ್ನೊಂದು ಕೈ ಹಿಡಿಯಲಿ ಎಂದು. ಕೊನೆಗೆ ಈ ರಿಪೇರಿಯೆಲ್ಲ ಕಾಣದ ಹಾಗೆ ಮೇಲೊಂದು ಹೊದಿಕೆ, ರಿವರ್ಬ್: ಭಾರೀ ದೊಡ್ಡ ಹಾಲಿನಲ್ಲಿ ಹಾಡಿದಂತೆ ದನಿಗೊಂದು ನೀಳವಾದ ಬಾಲ. ಒಟ್ಟಿನಲ್ಲಿ ಭಾವನ ಬಚ್ಚಲುಮನೆಯನ್ನು ಇದ್ದಂತೆಯೇ ವೇದಿಕೆಗೆ ಸಾಗಿಸುವ ಕೆಲಸ. ಗಾಯಕರ ಕಾಲಬುಡದಲ್ಲಿ ಇಡುವ ಸ್ಪೀಕರಿಗೂ ಇದನ್ನೇ ಕಳಿಸುತ್ತಿದ್ದದ್ದರಿಂದ ಭಾವನ ಕಿವಿಗೂ ಬೇರೆ ಏನೂ ಬೀಳುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು, ಭಾವ ತಲೆಬಾಗುತ್ತಿದ್ದ, ವೈರಣ್ಣ ವೈರು ಸುತ್ತುತ್ತಿದ್ದ. ಸಂಸಾರ ಸುಖವಾಗಿ ನಡೆದಿತ್ತು.

ಅದು ಕೆಟ್ಟದ್ದು ಒಂದು ಒಳ್ಳೆಯ ಅಭ್ಯಾಸದಿಂದ. ಸಂಜೆ ತರಗತಿಯ ಮೇಷ್ಟ್ರು ಒಂದು ಮಾತು ಹೇಳಿದ್ದರು: "ಎಫೆಕ್ಟು ಹಾಕ್ತಾ ಹಾಕ್ತಾ ಕಿವಿಗೆ ಅದೇ ರೂಢಿ ಆಗ್ಬಿಡುತ್ತೆ, ಉಪ್ಪು ಜಾಸ್ತಿ ತಿನ್ನೋನ ನಾಲಿಗೆ ಹಾಗೆ. ಅದಕ್ಕೇ ಆಗಾಗ ಬೈಪಾಸ್ ಗುಂಡಿ ಒತ್ತಿ, ಎಫೆಕ್ಟೆಲ್ಲ ತೆಗೆದು, ಬರೀ ದನಿ ಕೇಳ್ಬೇಕು. ಆಮೇಲೆ ವಾಪಸ್ ಹಾಕ್ಬೇಕು." ಇದನ್ನು ಕಾರ್ಯಕ್ರಮಕ್ಕೆ ಮುಂಚೆ ಮಾಡಬೇಕೋ ನಡುವೆ ಮಾಡಬೇಕೋ ಎಂಬ ಅನುಮಾನ ವೈರಣ್ಣನಿಗೆ ಆಗಲೇ ಬಂದಿತ್ತು. ಕೇಳಿದರೆ ದಡ್ಡ ಅಂದಾರು ಎಂದು ಸುಮ್ಮನಾಗಿದ್ದ.

ಕಚೇರಿಯ ವಾರ್ಷಿಕೋತ್ಸವದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು ಮತ್ತು ಅವರ ಮನೆಯವರು. ಅವರ ಹಿಂದೆ ವೈರಣ್ಣನ ಅತ್ತೆ, ಮಗಳ ಪಕ್ಕದಲ್ಲಿ, ಮಗನ ಹಾಡಿಗೆಂದು ತೆಗೆದಿಟ್ಟ ಸೀರೆಯಲ್ಲಿ. ಭಾವ ಮೈಕ್ ಹಿಡಿದವನು ನೇರ ಹಾಡಿಗೆ ಇಳಿಯಬಹುದಿತ್ತು. ಅದರ ಬದಲು ಭಾಷಣಕ್ಕೆ ಇಳಿದ.

"ಈಗಿನ ಹಾಡುಗಾರರನ್ನ ನೋಡಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ! ದನಿ ಮಷೀನಿಂದು, ಹೆಸರು ಇವರದು. ನಾಚಿಕೆ ಆಗ್ಬೇಕು! ಸಂಗೀತಕ್ಕೆ ಮಾಡೋ ಮೋಸ ಇದು. ನಮ್ಮ ಹತ್ರ ಅಂಥಾ ಆಟ ಇಲ್ಲ. ಗಂಟಲು, ಗಾಳಿ, ಅಷ್ಟೇ!"

"ಅಷ್ಟೇ" ಎಂಬ ಮಾತಿಗೆ ವೈರಣ್ಣನ ರಿವರ್ಬು ಬಹಳ ಸೊಗಸಾದ ಬಾಲ ಕೊಟ್ಟಿತು. ಸಭೆ ಭೇಷ್ ಅಂದಿತು.

ವೈರಣ್ಣನಿಗೆ ಒಳಗೊಳಗೇ ಚುರುಕ್ ಅಂದಿತು. ಬಾಲ ಸ್ವಲ್ಪ ಉದ್ದವಾಯಿತೇನೋ. ಕಿವಿಗೆ ಉಪ್ಪು ರೂಢಿಯಾಗಿದೆಯೇನೋ. ಹಾಡು ಶುರುವಾಗಿ, ಪಲ್ಲವಿ ಮುಗಿದು, ಬರೀ ವಾದ್ಯ ನುಡಿಯುತ್ತಿದ್ದ ಹೊತ್ತು ನೋಡಿಕೊಂಡು ಬೈಪಾಸ್ ಒತ್ತಿದ. ಭಾವ ಬಾಯಿ ತೆರೆದು ಅರ್ಧ ಮಾತು ಹಾಡುವಷ್ಟರಲ್ಲಿ ಕೇಳಿ, ಮತ್ತೆ ಹಾಕಿಬಿಡುವುದು ಎಂದು ಲೆಕ್ಕ.

ಅಷ್ಟರಲ್ಲಿ ಕ್ಯಾಷಿಯರಮ್ಮ ಮುಂದಿನ ಸಾಲಿನಿಂದ ಏದುಸಿರು ಬಿಡುತ್ತ ಬಂದರು. ಅವರು ವೃಂದದ ಎರಡನೆಯ ಗಾಯಕಿ, ಮೊದಲನೆಯವರಾಗಲು ಕಾಯುತ್ತಿದ್ದವರು.

"ಡ್ರಮ್ಮು ತಗ್ಗಿಸ್ಬೇಕಂತೆ ಅಣ್ಣಾ! ಸಾಹೇಬ್ರ ಮನೆಯೋರಿಗೆ ಎದೆ ಹೊಡ್ಕೋತಿದೆಯಂತೆ. ಬೇಗ!"

ಹಳೆಯ ಕಾಲದ ಮಿಕ್ಸರಿನಲ್ಲಿ ಒಂದೊಂದು ಗುಂಡಿಗೆ ಒಂದೊಂದೇ ಕೆಲಸ, ಒಂದೇ ಜಾಗ. ಡಿಜಿಟಲ್ ಹಾಗಲ್ಲ. ಪರದೆಯ ಮೇಲೆ ಪುಟ ಬದಲಾಯಿಸಿದರೆ ಭಾವನದಾಗಿದ್ದ ಗುಂಡಿ ಡ್ರಮ್ಮಿನದಾಗುತ್ತದೆ. ಸರಕಾರ ಬದಲಾದಾಗ ಅಧಿಕಾರಿಗಳು ಬದಲಾದಂತೆ, ಕುರ್ಚಿ ಅದೇ, ಮುಖ ಬೇರೆ. ವೈರಣ್ಣ ಡ್ರಮ್ಮಿನ ಪುಟಕ್ಕೆ ಹಾರಿದ, ತಗ್ಗಿಸಿದ, ಸಾಹೇಬರ ಮನೆಯವರ ಎದೆ ಉಳಿಸಿದ. ಹಾಗೇ ಬೈಪಾಸ್ ಇದ್ದ ಜಾಗವನ್ನು ಒತ್ತಿ ಭಾವನ ಎಫೆಕ್ಟು ವಾಪಸ್ ಹಾಕಿದೆ ಎಂದುಕೊಂಡ. ಪುಟ ಡ್ರಮ್ಮಿನದೇ ಇತ್ತು, ಅಲ್ಲಿ ಆ ಜಾಗದ ಗುಂಡಿಯ ಕೆಲಸ ಸದ್ದನ್ನು ಪೂರ್ತಿ ಅಡಗಿಸುವುದು. ಡ್ರಮ್ಮು ಸ್ಪೀಕರಿನಿಂದ ಮಾಯವಾಯಿತು. ಡ್ರಮ್ ಬಾರಿಸುತ್ತಿದ್ದವನು ಬೆಚ್ಚಿ ಕೈ ನಿಲ್ಲಿಸಿದ. ಅವನು ನಿಂತನೆಂದು ಉಳಿದವರೂ ನಿಂತರು. ಆ ಘೋರ ನಿಶ್ಶಬ್ದದ ನಡುವೆ ಭಾವ ಕಣ್ಣು ಮುಚ್ಚಿ, ಕೈ ಮೇಲೆತ್ತಿ, ಬರೀ ಗಂಟಲು ಮತ್ತು ಗಾಳಿಯ ಬಲದಿಂದ, ಏರುಸ್ವರ ಹಿಡಿದ.

ಆ ಸದ್ದನ್ನು ವರ್ಣಿಸುವುದು ಈ ಕಥೆಯ ಶಕ್ತಿಗೆ ಮೀರಿದ್ದು. ನೀರು ನಿಂತ ದಿನ ನಲ್ಲಿ ತಿರುಗಿಸಿದರೆ ಒಳಗಿಂದ ಬರುತ್ತದಲ್ಲ, ಅದರ ಜಾತಿ. ಸಭೆಯಲ್ಲಿದ್ದ ಪೈಪ್‌ಲೈನ್ ಎಂಜಿನಿಯರು ಎದ್ದು ನಿಂತು ಛಾವಣಿಯ ಪೈಪನ್ನು ನೋಡಿದರು ಎಂದರೆ ಸಾಕು.

ಭಾವ ಕಣ್ಣು ತೆರೆದ. ಕೈ ಮೇಲಿದ್ದದ್ದು ಹಾಗೇ ಇಳಿದು ಸಭಾಂಗಣದ ಹಿಂತುದಿಗೆ ಗುರಿಯಿಟ್ಟಿತು.

"ಏಯ್! ಏನು ಹಾಕ್ದೆ ನನ್ನ ದನಿಗೆ?"

ಇಡೀ ಸಭೆ ತಿರುಗಿತು. "ಏನೂ ಹಾಕಿಲ್ಲ ಭಾವ!" ಎಂದು ವೈರಣ್ಣ ಕೂಗಿದ. ಆ ಸಂಜೆ ಆ ಸಭಾಂಗಣದಲ್ಲಿ ಆಡಿದ ಮಾತುಗಳಲ್ಲಿ ಇದರಷ್ಟು ಸತ್ಯವಾದದ್ದು ಇನ್ನೊಂದಿರಲಿಲ್ಲ.

"ಏನೂ ಹಾಕದೇನೇ ಹೀಗೆ ಬರುತ್ತಾ?" ಎಂದು ಭಾವ ಗರ್ಜಿಸಿದ.

"ಹೌದಪ್ಪಾ, ಏನೂ ಹಾಕದೆ ಹೀಗೆ ಬರುತ್ತಾ?" ಎಂದು ದೊಡ್ಡ ಸಾಹೇಬರೂ ಕೇಳಿದರು.

ಇದಕ್ಕೆ 'ಬರುತ್ತೆ' ಎಂಬ ಒಂದೇ ಪದದ ಉತ್ತರವಿತ್ತು. ವೈರಣ್ಣ ಅತ್ತೆಯ ಮುಖ ನೋಡಿದ. ಬಗ್ಗಿ ವೈರು ಸುತ್ತತೊಡಗಿದ.

ಹಾಕಿದ್ದಕ್ಕೆ ಬೈಸಿಕೊಳ್ಳುವುದು ಬೇರೆ. ತೆಗೆದದ್ದಕ್ಕೆ ಬೈಸಿಕೊಳ್ಳುವುದೂ ಬೇರೆ, ಅದು ನ್ಯಾಯವೇ. ಆದರೆ ತೆಗೆದವನನ್ನು ಹಿಡಿದುಕೊಂಡು 'ಹಾಕಿದೆ, ಹಾಕಿದೆ' ಎಂದು ಬೈಯುವುದಿದೆಯಲ್ಲ, ಅದಕ್ಕೆ ಯಾವ ಶಾಸ್ತ್ರದಲ್ಲೂ ಪರಿಹಾರ ಹೇಳಿಲ್ಲ.

ಮನೆಯಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತು ನಿಲ್ಲಿಸಿದರು. ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಮಗಳಿಗೆ ಹೇಳಿದರು: "ಅಳಿಯಂದಿರನ್ನ ಕೇಳೇ, ನನ್ನ ಮಗ ಅವರಿಗೇನು ದ್ರೋಹ ಮಾಡಿದ್ದ ಅಂತ."

"ನಾನೇನೂ ಹಾಕಿಲ್ಲ ಅತ್ತೆ!"

"ಹಾಕಿಲ್ವಂತೆ ಅಮ್ಮ," ಎಂದಳು ಹೆಂಡತಿ. "ಮತ್ತೆ ಅಣ್ಣನ ದನಿ ಹಾಗ್ಯಾಕೆ ಬಂತು ರೀ?"

"ತೆಗೆದೆ ಕಣೇ, ತೆಗೆದೆ! ಹಾಕಲಿಲ್ಲ!"

"ಏನು ತೆಗೆದ್ರಿ?"

ಅತ್ತೆ ನೋಡುತ್ತಿದ್ದರು. "ಏನಿಲ್ಲ," ಎಂದ ವೈರಣ್ಣ.

"ಏನಿಲ್ಲದ್ದನ್ನ ತೆಗೆದ್ರಂತೆ ಅಮ್ಮ."

"ಹೊಟ್ಟೆಕಿಚ್ಚು ಅಂತ ಒಂದಿರುತ್ತೆ, ಅದನ್ನ ತೆಗೀಬಹುದಿತ್ತು ಅಂತ ಹೇಳೇ," ಎಂದರು ಅತ್ತೆ.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿಗಿಳಿದಿತ್ತು. ವೈರಣ್ಣನ ಮಿಕ್ಸರಿನಲ್ಲಿ ಎಂಥವರ ದನಿಯನ್ನೂ ಕೆಡಿಸುವ ಒಂದು ಗುಂಡಿಯಿದೆಯಂತೆ! ಊರು ಛೀ ಥೂ ಎನ್ನುತ್ತದೆ ಎಂದು ಅವನು ತಲೆ ತಗ್ಗಿಸಿ ಹೊರಟರೆ ಆದದ್ದೇ ಬೇರೆ. ಎದುರುಮನೆಯ ವಕೀಲರು ಗೇಟಿನ ಬಳಿ ಕಾದಿದ್ದು ಪಕ್ಕಕ್ಕೆ ಕರೆದರು.

"ಭಾನುವಾರ ನಮ್ಮ ಬಡಾವಣೆ ಸಂಘದ ಸಭೆ ಇದೆ. ಆ ಅಧ್ಯಕ್ಷ ಮೈಕ್ ಹಿಡಿದ್ರೆ ಬಿಡಲ್ಲ. ಅವನಿಗೆ ಅದನ್ನ ಸ್ವಲ್ಪ ಹಾಕ್ತೀರಾ? ಜಾಸ್ತಿ ಬೇಡ. ಮೂರನೇ ವಾಕ್ಯದಿಂದ ಸಾಕು."

"ಅಂಥಾ ಗುಂಡೀನೇ ಇಲ್ಲ ಸಾರ್!"

"ಗೊತ್ತು, ಗೊತ್ತು," ಎಂದು ವಕೀಲರು ಕಣ್ಣು ಮಿಟುಕಿಸಿದರು. "ನಾನೂ ಕೋರ್ಟಲ್ಲಿ ಹೀಗೇ ಹೇಳ್ತೀನಿ."

ಕಚೇರಿಯಲ್ಲಿ ಕ್ಯಾಷಿಯರಮ್ಮ ತಮ್ಮ ಕಿಂಡಿಯಿಂದ ಅರ್ಧ ಹೊರಗೆ ಬಗ್ಗಿ ಪಿಸುಗುಟ್ಟಿದರು: "ಅಣ್ಣಾ, ನೀವು ನನ್ನ ಒಡಹುಟ್ಟಿದೋರ ಹಾಗೆ. ನಂಗೆ ಯಾವತ್ತೂ ಅದನ್ನ ಹಾಕ್ಬೇಡಿ. ನಿಮ್ಮ ಭಾವನಿಗೆ ಬೇಕಾದ್ರೆ ಮುಂದಿನ ಸಲಾನೂ ಹಾಕಿ, ನಾನು ಯಾರಿಗೂ ಹೇಳಲ್ಲ."

ವೈರಣ್ಣನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಇಷ್ಟು ವರ್ಷ ಭಾವನ ದನಿಗೆ ಇಸ್ತ್ರಿ ಮಾಡಿದಾಗ ಒಬ್ಬನೂ ಅವನ ಕೈಯ ಕೆಲಸ ಗುರುತಿಸಲಿಲ್ಲ. ಮಾಡದ ಕೆಲಸಕ್ಕೆ ಈಗ ಗಿರಾಕಿಗಳು ಸಾಲು ನಿಂತಿದ್ದರು.

ಭಾವ ಲಿಖಿತ ದೂರು ಕೊಟ್ಟ. ಕಚೇರಿಯ ದೂರುಗಳೆಲ್ಲ ದೂರು ವಿಭಾಗಕ್ಕೇ ಬರಬೇಕಾದ್ದರಿಂದ ತಾನು ಬರೆದದ್ದನ್ನು ತಾನೇ ತೆಗೆದುಕೊಂಡು, ತನಗೆ ತಾನೇ ರಸೀದಿ ಕೊಟ್ಟುಕೊಂಡು, 'ವಿಷಯ ಗಂಭೀರ' ಎಂದು ಶರಾ ಬರೆದು ದೊಡ್ಡ ಸಾಹೇಬರಿಗೆ ಕಳಿಸಿದ. ಆ ವಿಭಾಗದ ಇತಿಹಾಸದಲ್ಲಿ ಒಂದು ದೂರು ಅಷ್ಟು ಬೇಗ ಮುಂದೆ ಹೋದದ್ದು ಅದೇ ಮೊದಲು. ಸಾಹೇಬರು ವಿಚಾರಣೆಗೆ ದಿನ ಗೊತ್ತುಮಾಡಿದರು. ಎಫೆಕ್ಟು ಹಾಕಿದ್ದು ಸಾಬೀತಾದರೆ ಮಿಕ್ಸರು ಉಗ್ರಾಣದವರ ಪಾಲು. ಉಗ್ರಾಣದವರಿಗೆ ಪೈಪೂ ಒಂದೇ, ಮೈಕೂ ಒಂದೇ. ಅವರು ಎರಡನ್ನೂ ತೊಳೆದಿಡುತ್ತಾರೆ.

"ಸತ್ಯ ಹೇಳ್ಬಿಡ್ತೀನಿ," ಎಂದು ವೈರಣ್ಣ ವಿಚಾರಣೆಯ ಹಿಂದಿನ ಸಂಜೆ ಹೆಂಡತಿಗೆ ಹೇಳಿದ. "ಎಷ್ಟು ದಿನ ಅಂತ ತಡ್ಕೊಳ್ಳೋದು? ನಾಳೆ ಎಲ್ಲರ ಮುಂದೆ ತೋರಿಸ್ತೀನಿ, ಏನು ಹಾಕಿದ್ದೆ, ಏನು ತೆಗೆದೆ ಅಂತ."

"ಏನಾದ್ರೂ ಮಾಡಿ," ಎಂದಳು ಅವಳು, ಬಟ್ಟೆ ಮಡಚುತ್ತ. "ಅತ್ತಿಗೆ ಫೋನ್ ಮಾಡಿದ್ರು. ಅಣ್ಣ ಆವತ್ತಿಂದ ಬಚ್ಚಲಲ್ಲೂ ಹಾಡ್ತಿಲ್ವಂತೆ. ಸದ್ದಿಲ್ಲದೆ ಸ್ನಾನ ಮಾಡಿ ಬಂದುಬಿಡ್ತಾನಂತೆ."

ವಿಚಾರಣೆ ಕಚೇರಿಯ ಸಭಾ ಕೊಠಡಿಯಲ್ಲಿ. ಉದ್ದ ಮೇಜಿನ ತಲೆಯಲ್ಲಿ ದೊಡ್ಡ ಸಾಹೇಬರು, ಒಂದು ಬದಿ ಭಾವ, ಇನ್ನೊಂದು ಬದಿ ಸಾಕ್ಷಿಯಾಗಿ ಕ್ಯಾಷಿಯರಮ್ಮ, ನಡುವೆ ಹೆಣದಂತೆ ಮಲಗಿಸಿದ ಮಿಕ್ಸರು. ಅದರ ಪುಟ್ಟ ದೀಪವನ್ನು ಹಗಲಲ್ಲಿ ಯಾಕೆಂದು ವೈರಣ್ಣ ಕಳಚಿ ಸಭಾಂಗಣದಲ್ಲೇ ಬಿಟ್ಟು ಬಂದಿದ್ದ.

"ಒಂದೊಂದಾಗಿ ತೋರ್ಸು," ಎಂದರು ಸಾಹೇಬರು, ಮೈಕನ್ನು ತಾವೇ ಹಿಡಿದು.

ವೈರಣ್ಣ ರಿವರ್ಬು ಹಾಕಿದ. ಸಾಹೇಬರು "ಹಲೋ" ಎಂದರು. ದೇವಾನುದೇವತೆಗಳು ಹಲೋ ಎಂದಂತೆ ಕೇಳಿತು. ಸಾಹೇಬರು ಬೆರಗಾಗಿ ಮೈಕನ್ನು ನೋಡಿದರು.

"ಇದು ನನ್ನ ದನೀನಾ?"

"ನಿಮ್ಮದೇ ಸಾರ್, ಸ್ವಲ್ಪ ದೊಡ್ಡ ಹಾಲಲ್ಲಿ."

"ಎಲ್ರಿಗೂ ಟೀ ತನ್ನಿ!" ಎಂದು ಸಾಹೇಬರು ಮೈಕಿನಲ್ಲಿ ಅಪ್ಪಣೆ ಕೊಟ್ಟರು. ಪಡಸಾಲೆಯಲ್ಲಿ ತೂಕಡಿಸುತ್ತಿದ್ದ ಜವಾನ ಎದ್ದು ಗೋಡೆಗೆ ಸಲಾಮು ಹೊಡೆದ. ಅಲ್ಲಿಂದ ಮುಂದೆ ಸಾಹೇಬರು ಮೈಕ್ ಬಿಡಲಿಲ್ಲ. ವಿಚಾರಣೆ ಪೂರ್ತಿ ಆಕಾಶವಾಣಿಯಾಗಿಯೇ ನಡೆಯಿತು. ಒಂದು ದನಿಯನ್ನು ಎರಡು ಮಾಡುವ ಎಫೆಕ್ಟು ಹಾಕಿದಾಗ ಮಾತ್ರ ಕ್ಯಾಷಿಯರಮ್ಮ "ಒಬ್ಬರೇ ಸಾಕಪ್ಪಾ" ಎಂದು ಗೊಣಗಿದರು.

"ಇವೆಲ್ಲ ಚೆನ್ನಾಗೇ ಇವೆ," ಎಂದಿತು ಆಕಾಶವಾಣಿ. "ಆವತ್ತು ಹಾಕಿದ್ದು ಎಲ್ಲಿ?"

ವೈರಣ್ಣ ಎದ್ದು ನಿಂತ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತು. "ಭಾವ ಬಂದು ಹಾಡ್ಲಿ ಸಾರ್. ಅದೇ ಹಾಡು. ಎಲ್ಲಾ ಗೊತ್ತಾಗುತ್ತೆ."

ಭಾವ ಎದ್ದು ಬಂದ. ಸಾಹೇಬರು ಒಲ್ಲದ ಮನಸ್ಸಿನಿಂದ ಕೊಟ್ಟ ಮೈಕ್ ಹಿಡಿದ. ಗಂಟಲು ಸರಿಮಾಡಿಕೊಂಡ. ಇನ್ನೊಂದು ಸಲ ಸರಿಮಾಡಿಕೊಂಡ. ದೂರು ವಿಭಾಗದಲ್ಲಿ ಊರನ್ನೇ ಗದರಿಸುವ ಮನುಷ್ಯ ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಂಡ. ಅವನು ಸಾಹೇಬರನ್ನು ನೋಡಲಿಲ್ಲ, ಕ್ಯಾಷಿಯರಮ್ಮನನ್ನೂ ನೋಡಲಿಲ್ಲ. ವೈರಣ್ಣನ ಬೆರಳನ್ನು ನೋಡುತ್ತಿದ್ದ.

ಬೆರಳು ಬೈಪಾಸಿನ ಮೇಲಿತ್ತು. ಈ ಸಲ ಪುಟವೂ ಸರಿಯಾಗಿತ್ತು. ಒತ್ತಿದರೆ ಕುರ್ಚಿ ಉಳಿಯುತ್ತದೆ, ಭಾವ ಮುಗಿಯುತ್ತಾನೆ. ಒತ್ತದಿದ್ದರೆ ಭಾವ ಉಳಿಯುತ್ತಾನೆ, ಕುರ್ಚಿ ಮುಗಿಯುತ್ತದೆ.

ಭಾವ ಕಣ್ಣು ಮುಚ್ಚಿ ಏರುಸ್ವರ ಹಿಡಿದ. ಸಭಾ ಕೊಠಡಿಯ ಗಾಜು ಸಂತೋಷದಿಂದ ಝುಂ ಎಂದಿತು. ಟೀ ತಂದ ಜವಾನ ಬಾಗಿಲಲ್ಲೇ ಮರೆತು ನಿಂತ. ವೈರಣ್ಣನ ಬೆರಳು ಬೈಪಾಸಿನಿಂದ ಎಷ್ಟೋ ದೂರ, ಅವನದೇ ಜೇಬಿನಲ್ಲಿತ್ತು.

"ಅಬ್ಬಾ! ಚಿನ್ನದಂಥಾ ದನಿ!" ಎಂದರು ಸಾಹೇಬರು, ಮೈಕನ್ನು ವಾಪಸ್ ತೆಗೆದುಕೊಂಡು. "ಹಾಗಿದ್ಮೇಲೆ ಆವತ್ತು ನೀನು ಏನೋ ಹಾಕಿದ್ದೇ ಹೌದು!"

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ನೆಲವೇ ಎದ್ದು ನಿಂತು, ಕೈಕಟ್ಟಿ, 'ಹೌದು ಸಾರ್, ನಾನೇ ಡೊಂಕು' ಎಂದು ಒಪ್ಪಿಕೊಂಡದ್ದನ್ನು ಯಾರೂ ಕೇಳಿರಲಾರರು.

"ಹೌದು ಸಾರ್," ಎಂದ ವೈರಣ್ಣ. "ಹಾಕಿದ್ದೆ."

"ಯಾವ ಗುಂಡಿ?"

ಯಾರಿಗೂ ಕೇಡಾಗದ ಒಂದು ಗುಂಡಿಗಾಗಿ ವೈರಣ್ಣ ಇಡೀ ಮಿಕ್ಸರನ್ನು ಹುಡುಕಿದ. ಮೇಲ್ತುದಿಯಲ್ಲಿ, ಕಳಚಿಟ್ಟ ದೀಪದ ಸ್ವಿಚ್ಚು ಕಂಡಿತು. "ಇದು ಸಾರ್."

"ಇದರ ಹೆಸರು?"

"ಯಥಾಸ್ಥಿತಿ, ಸಾರ್."

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ಹೆಸರೇ ಭಯಂಕರವಾಗಿದೆ."

ಯಾರೂ ಅದನ್ನು ಒತ್ತಿ ನೋಡಲಿಲ್ಲವೇ ಎಂದು ಕೇಳಬಹುದು. ಅಂಥ ಧೈರ್ಯ ಯಾರಿಗಿದೆ? ಕ್ಯಾಷಿಯರಮ್ಮ ಆಗಲೇ ಕೈಯಿಂದ ಗಂಟಲು ಮುಚ್ಚಿಕೊಂಡಿದ್ದರು.

ತೀರ್ಪು ಅಲ್ಲೇ ಆಯಿತು. ವೈರಣ್ಣನ ಕುರ್ಚಿ ಕಿತ್ತುಕೊಳ್ಳುವುದೇ ನ್ಯಾಯವೆಂದು ಸಾಹೇಬರು ಹೇಳಿದರು. ಹೇಳಿದ ಮಾತು ರಿವರ್ಬಿನಲ್ಲಿ ಗುಡುಗಿ ತಮ್ಮ ಕಿವಿಗೇ ವಾಪಸ್ ಬಂದಾಗ ಯೋಚನೆಗೆ ಬಿದ್ದರು. "ಈ ದೊಡ್ಡ ಹಾಲು ಹಾಕೋಕೆ ಉಗ್ರಾಣದವರಿಗೆ ಬರುತ್ತಾ?" ಎಂದು ಕೇಳಿದರು. ಬರುವುದಿಲ್ಲ ಎಂದು ಗೊತ್ತಾಯಿತು. ಮುಂದಿನ ತಿಂಗಳು ಅವರದೊಂದು ದೊಡ್ಡ ಭಾಷಣವಿತ್ತು. ಆದ್ದರಿಂದ ಕುರ್ಚಿ ವೈರಣ್ಣನಿಗೇ ಇರಲಿ, ಯಥಾಸ್ಥಿತಿ ಗುಂಡಿಯನ್ನು ಮಾತ್ರ ಯಾರೂ ಮುಟ್ಟದಂತೆ ಮಾಡಿ ಎಂದು ಆಜ್ಞೆಯಾಯಿತು. ಮೀಟರ್ ವಿಭಾಗದವರೇ ಬಂದು, ನೀರಿನ ಮೀಟರಿಗೆ ಹಾಕುವ ತಂತಿ ಬಿಗಿದು, ಸೀಸದ ಮುದ್ರೆ ಒತ್ತಿ ಹೋದರು. ತನ್ನದೇ ವಿಭಾಗದ ಮುದ್ರೆ ತನ್ನದೇ ದೀಪದ ಮೇಲೆ. ವೈರಣ್ಣ ಆಗ ಆಡಬೇಕೆಂದಿದ್ದ ಮಾತುಗಳನ್ನೆಲ್ಲ ಮನೆಗೆ ಹೋಗುವ ದಾರಿಯುದ್ದಕ್ಕೂ ಆಡಿದ, ಜೋರಾಗಿ. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅತ್ತೆ ಮತ್ತೆ ನೇರ ಮಾತಾಡಿದರು. "ತಪ್ಪು ಒಪ್ಕೊಂಡ್ರಂತಲ್ಲ, ಅದು ದೊಡ್ಡ ಗುಣ," ಎಂದರು. ಅದನ್ನು ಕೇಳಿ ಅವನಿಗೆ ಬಂದಷ್ಟು ಸಿಟ್ಟು ಇಡೀ ಪ್ರಕರಣದಲ್ಲಿ ಬಂದಿರಲಿಲ್ಲ.

ಮುಂದಿನ ಕಾರ್ಯಕ್ರಮದ ಸಂಜೆ, ಸಭಾಂಗಣದ ದೀಪ ಆರಿಸಿದ ಮೇಲೆ, ವೈರಣ್ಣ ಕತ್ತಲಲ್ಲಿ ಗುಂಡಿ ತಡಕಾಡುತ್ತ ಕೂತಿದ್ದ. ಪಕ್ಕದಲ್ಲಿ ಯಾರೋ ಬಂದು ನಿಂತರು. ಭಾವ. ಹಾಡುವ ಮುಂಚೆ ಅವನು ಹಿಂದಿನವರೆಗೆ ಬಂದದ್ದು ಯಾವತ್ತೂ ಇಲ್ಲ.

"ಏನಪ್ಪಾ, ಎಲ್ಲಾ ಸರಿ ಇದೆಯಾ?"

"ಇದೆ ಭಾವ."

ಭಾವ ವೇದಿಕೆಯ ಕಡೆ ತಿರುಗಿದ. "ಯಾವಾಗ್ಲೂ ಹಾಕೋ ಹಾಗೆ, ಏನೂ ಹಾಕ್ಬೇಡ," ಎಂದ.

"ಆಗ್ಲಿ ಭಾವ," ಎಂದ ವೈರಣ್ಣ. "ಯಾವಾಗ್ಲೂ ಹಾಕೋ ಹಾಗೇ."

ಭಾವ ಜೇಬಿಗೆ ಕೈಹಾಕಿ ಒಂದು ಪುಟ್ಟ ಟಾರ್ಚು ತೆಗೆದು ಮಿಕ್ಸರಿನ ಮೇಲಿಟ್ಟ. "ಇಟ್ಕೋ. ಗುಂಡಿ ಕಾಣ್ಬೇಕಲ್ಲ," ಎಂದು ಹೇಳಿ ವೇದಿಕೆಯ ಮೆಟ್ಟಿಲು ಹತ್ತಿ ಹೋದ. ಹೋದವನೇ ಮೈಕ್ ಹಿಡಿದು ಮಷೀನುಗಳನ್ನು ಬೈಯಲು ಶುರುಮಾಡಿದ. ಗಂಟಲು, ಗಾಳಿ, ಅಷ್ಟೇ ಎಂದ. ಸಭೆ ಭೇಷ್ ಅಂದಿತು.

ಮುದ್ರೆ ಬಿದ್ದದ್ದು ದೀಪದ ಸ್ವಿಚ್ಚಿಗೆ ಎಂದು ವೈರಣ್ಣ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಸಹ. ದೀಪ ಉರಿಯುತ್ತಿಲ್ಲ ಎಂಬುದನ್ನು ವೇದಿಕೆಯಿಂದ ನೋಡಿ ಭಾವ ಟಾರ್ಚು ತಂದಿರಬಹುದು. ಕಣ್ಣಿದ್ದವರಿಗೆಲ್ಲ ಅಷ್ಟು ಕಾಣುತ್ತದೆ. ಅಥವಾ ಮೊದಲಿನಿಂದಲೂ ಎಲ್ಲವೂ ಗೊತ್ತಿದ್ದು ತಂದಿರಬಹುದು. ಇದರಲ್ಲಿ ಯಾವುದು ನಿಜವೋ ವೈರಣ್ಣನಿಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಅವನಿಗೇ ಗೊತ್ತಿಲ್ಲದ್ದು ಈ ಕಥೆಗೂ ಗೊತ್ತಿಲ್ಲ.